‘ದ್ವೀಪ’: ನೀರಿಳಿದ ಮೇಲೆ ಉಳಿದ ಪ್ರಶ್ನೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಹಿನ್ನೀರಿನಲ್ಲಿ ಊರುಗಳೂ ಹೊಲಗಳೂ ಮುಳುಗಿದವು. ಆ ನೆನಪುಳ್ಳವರಿಗೆ ಮಲೆನಾಡಿನ ಮುಳುಗಡೆಯನ್ನು ಕುರಿತ ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ಪರಕೀಯವೆನಿಸಲಾರದು. ಆದರೂ ಅದು ಸುಲಭವಾಗಿ ಒಲಿಯುವ ಚಿತ್ರವಲ್ಲ.

‘ಘಟಶ್ರಾದ್ಧ’ದಿಂದ (1977) ಮೊದಲುಗೊಂಡು ಈ ನಿರ್ದೇಶಕರಿಗೆ ಸಂದ ನಾಲ್ಕನೆಯ ಸ್ವರ್ಣಕಮಲವಿದು. ನಾ. ಡಿಸೋಜರ ಕೃತಿಯನ್ನಾಧರಿಸಿದ ಚಿತ್ರದಲ್ಲಿ ಘಟನೆಗಳು ವಿರಳ, ಮಾತು ಮಿತ. ಎಡೆಬಿಡದ ಮಳೆ, ಏರುವ ನೀರು, ಕವಿಯುವ ಕತ್ತಲೆಗಳೇ ಕಥೆಯನ್ನು ನಡೆಸುತ್ತವೆ. ವೇಗಕ್ಕೆ ಒಗ್ಗಿದ ಪ್ರೇಕ್ಷಕನಿಗೆ ಬೇಸರ ಬರಬಹುದು. ಆದರೆ ನೀರಿನ ನಡುವೆ ದಿನವೆಣಿಸುವವರ ಕಾಲವನ್ನು ನೋಡುವವನೂ ಅನುಭವಿಸಬೇಕೆಂಬುದೇ ಈ ನಿಧಾನಗತಿಯ ಉದ್ದೇಶ. ಕೃಷ್ಣನ ಪಾತ್ರ ಮಾತ್ರ ತುಸು ಸಿದ್ಧಮಾದರಿಯದಾಗಿದೆ.

ಊರವರೆಲ್ಲ ತೆರಳಿದ ಮೇಲೂ ಗಣಪನ ಮನೆ ಬೆಟ್ಟದ ಮೇಲೆ ಉಳಿಯುತ್ತದೆ. ಉಳಿಸಿದ್ದು ಅವನ ಹೆಂಡತಿ ನಾಗಿಯ ದುಡಿಮೆ ಮತ್ತು ಧೈರ್ಯ. ನೀರಿಳಿದಾಗ ಗಣಪನಾದರೋ ಎಲ್ಲವೂ ದೈವಕೃಪೆಯೆನ್ನುತ್ತಾನೆ. ಅವಳ ಶ್ರಮಕ್ಕೆ ಒಂದು ಮಾತೂ ಇಲ್ಲ. ಆಗಿನ ನಾಗಿಯ ನೋವನ್ನು ಸೌಂದರ್ಯ ಮುಖಭಾವದಿಂದಲೇ ತಿಳಿಸುತ್ತಾರೆ.

ಕಾಯಕವನ್ನೇ ಪೂಜೆಯೆಂದು ಬಗೆದ ಶರಣಪರಂಪರೆಯ ಓದುಗರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ದೈವವನ್ನು ನಂಬುವುದು ತಪ್ಪೆಂದು ಚಿತ್ರ ಸಾರುವುದಿಲ್ಲ; ದುಡಿದ ಕೈಯನ್ನು ಮರೆಸುವ ನಂಬಿಕೆ ಎಂಥದೆಂದು ಕೇಳುತ್ತದೆ. ಆ ಪ್ರಶ್ನೆ ಪ್ರತಿಯೊಬ್ಬ ಭಕ್ತನ ಮನೆಯೊಳಕ್ಕೂ ಬರುವಂಥದು. ಸಹೃದಯರು ತಾಳ್ಮೆಯಿಂದ ಒಮ್ಮೆ ಈ ಚಿತ್ರವನ್ನು ನೋಡುವುದು ಲೇಸು.