8 ಟೆರಾಬೈಟ್ ಉಗ್ರಾಣ, 50 ಡಿಗ್ರಿ ಬಿಸಿಲು

ಕುವೈತ್‌ನ ಹವಲ್ಲಿಯಲ್ಲಿ ಇಬ್ನ್ ಖಲ್ದೂನ್ ರಸ್ತೆ ಅಂತ ಒಂದಿದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಇಲ್ಲಿನವರಿಗೆ ಅದು ಹಾಗೆ. ಕಂಪ್ಯೂಟರ್ ಸಾಮಾನು ಬೇಕಂದ್ರೆ ಅಲ್ಲಿಗೇ ಹೋಗೋದು. ಕಳೆದ ವರ್ಷ ಅಲ್ಲಿಂದ 8 ಟೆರಾಬೈಟ್‌ನ ಡೆಸ್ಕ್‌ಟಾಪ್ ಹಾರ್ಡ್‌ಡಿಸ್ಕ್ ಒಂದನ್ನು ತಂದೆ. ಕಂಪನಿಯ ಹೆಸರು ಹೇಳೋದಿಲ್ಲ. ಯಾಕಂದ್ರೆ ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ, ಇಂಥ ಡಿಸ್ಕ್‌ಗಳನ್ನು ನಾವು ಅಳೆಯುವ ರೀತಿಯ ಮೇಲೆ.

ತಂದ ಕಾರಣ ಹೇಳ್ತೀನಿ. ಇಲ್ಲಿನ ಕನ್ನಡ, ತುಳು ಮನೆಗಳಲ್ಲಿರುವ ಹಳೆಯ ಮಿನಿ ಡಿವಿ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸ್ತಾ ಇದ್ದೀನಿ. ಒಂದು ಗಂಟೆಯ ಕ್ಯಾಸೆಟ್ ಅಂದ್ರೆ ಸುಮಾರು 13 ಜಿಬಿ. ಆ ಲೆಕ್ಕದಲ್ಲಿ 8 ಟೆರಾಬೈಟ್‌ಗೆ 600 ಗಂಟೆ. ನಾಮಕರಣ, ಊರಿಂದ ಬಂದ ಯಕ್ಷಗಾನದವರ ಆಟ, ಈಗ ಇಲ್ಲದ ಅಜ್ಜಿ ಫ್ಲಾಟಿನ ಬಾಲ್ಕನಿಯಲ್ಲಿ ಕೂತು ಬೀನ್ಸ್ ಹೆಚ್ಚೋದು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತ್‌ಗೆ ನುಗ್ಗಿದ ಮೇಲೆ ಸುಮಾರು 1 ಲಕ್ಷ 70 ಸಾವಿರ ಭಾರತೀಯರು ಅಮ್ಮಾನ್ ದಾರಿಯಾಗಿ ವಿಮಾನ ಹತ್ತಿದರು. ಕೈಗೆ ಸಿಕ್ಕಿದ್ದನ್ನು ಹಿಡಿದು ಹೊರಟ ಎಷ್ಟೋ ಮನೆಗಳಲ್ಲಿ ಅದಕ್ಕೂ ಹಿಂದಿನ ಒಂದು ಫೋಟೊ ಇಲ್ಲ. ಆಮೇಲಿನದ್ದಾದರೂ ಉಳೀಲಿ ಅನ್ನೋದು ಅವರ ಆಸೆ. ನನ್ನ ಮೇಜಿನ ಮೇಲಿನ ಡಬ್ಬಿಗೆ ಬಿದ್ದಿರುವ ಭಾರ ಅದು.

ಡಬ್ಬಿಯನ್ನು ಜೋಡಿಸಿದ ಕೂಡಲೇ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ, ವೇಗ ನೋಡಿದೆ. ಸೆಕೆಂಡಿಗೆ 170 ಎಂಬಿ. ಖುಷಿಯಾಯ್ತು. ನೀವು ನೋಡುವ ಹೆಚ್ಚಿನ ವಿಮರ್ಶೆಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ಇದು ಖಾಲಿ ಡಿಸ್ಕಿನ ಮೊದಲ ಕೆಲವು ನಿಮಿಷದ ಅಂಕಿ. ಡಿಸ್ಕ್ ತುಂಬೋದು ಹೊರಗಿನ ಸುತ್ತಿನಿಂದ ಒಳಗೆ. ಒಳಸುತ್ತು ಚಿಕ್ಕದು, ಅಲ್ಲಿ ವೇಗ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತೆ. ಖಾಲಿ ಬಸ್ಸಿನ ಮೈಲೇಜ್ ಹೇಳಿ ಬಸ್ಸು ಮಾರಿದ ಹಾಗಾಯ್ತು.

ಎರಡನೇ ತಿಂಗಳಲ್ಲಿ ನಿಜ ಗೊತ್ತಾಯ್ತು. ಬೇಡದ ತುಣುಕುಗಳನ್ನು ಅಳಿಸಿ, ಆ ಜಾಗದಲ್ಲಿ ಸಾವಿರಾರು ಫೋಟೊ ತುಂಬಲು ಹೋದೆ. ವೇಗ 20 ಎಂಬಿಗೆ ಕುಸಿಯಿತು. ಕೆಲಸ ಮುಗಿದ ಮೇಲೂ ಡಿಸ್ಕ್ ಗಂಟೆಗಟ್ಟಲೆ ಒಳಗೊಳಗೇ ಕರಕರ ಅನ್ನುತ್ತಿತ್ತು. ಕಾರಣ, ಅದು ಎಸ್‌ಎಂಆರ್ ಡಿಸ್ಕ್. ಆ ಹೆಸರಿನ ಮೊದಲ ಪದ 'ಶಿಂಗಲ್ಡ್', ಅಂದ್ರೆ ಮಾಡಿನ ಹಾಗೆ ಒಂದರ ಮೇಲೊಂದು ಹೊದಿಸಿದ್ದು. ಮಂಗಳೂರು ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ ಮಾರಾಯ್ರೆ. ನಡುವಿನ ಒಂದು ಹೆಂಚು ಬದಲಿಸಬೇಕಂದ್ರೆ ಅದರ ಮೇಲೆ ಕೂತ ಹೆಂಚನ್ನೂ ಎತ್ತಬೇಕು. ಇಲ್ಲಿಯೂ ಒಂದು ಸಾಲು ಬದಲಿಸಿದರೆ ಪಕ್ಕದ ಸಾಲುಗಳನ್ನೆಲ್ಲ ಮತ್ತೆ ಬರೆಯಬೇಕು. ಹೊಸದಾಗಿ ಸಾಲಾಗಿ ತುಂಬುವಾಗ ತೊಂದರೆ ಕಾಣೋದಿಲ್ಲ, ಅಳಿಸಿ ಬರೆಯುವಾಗ ಕಾಣುತ್ತೆ. ಒಂದೇ ತಟ್ಟೆಯಲ್ಲಿ ಹೆಚ್ಚು ಹಿಡಿಸುವ ಉಪಾಯ ಇದು, ತಪ್ಪಲ್ಲ. ಹೇಳದೆ ಮಾರೋದು ತಪ್ಪು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳಲ್ಲಿ ಇದೇ ತಂತ್ರ ಇದೆ ಅಂತ ಬಯಲಾದಾಗ ಗಲಾಟೆಯಾಯ್ತು, ಆಮೇಲೆ ಕಂಪನಿ ಪಟ್ಟಿ ಪ್ರಕಟಿಸಿತು. ನನ್ನ ಡಬ್ಬಿಯ ರಟ್ಟಿನ ಮೇಲೆ ಮಾತ್ರ ಆ ಮೂರಕ್ಷರ ಎಲ್ಲೂ ಇರಲಿಲ್ಲ.

ಇನ್ನು ಬಿಸಿ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿದೆ. 2024ರ ಜೂನ್‌ನಲ್ಲಿ ಬೇಡಿಕೆ ತಾಳಲಾರದೆ ಕೆಲವು ಬಡಾವಣೆಗಳಲ್ಲಿ ಎರಡು ಗಂಟೆವರೆಗೂ ಕರೆಂಟ್ ತೆಗೆದರು. ಎಸಿ ಇದ್ದ ಕೋಣೆಯಲ್ಲೇ ಪ್ಲಾಸ್ಟಿಕ್ ಡಬ್ಬಿಯೊಳಗಿನ ನನ್ನ ಡಿಸ್ಕ್ 52 ಡಿಗ್ರಿ ತೋರಿಸಿದಾಗ ಎದೆ ಧಸಕ್ಕೆಂದಿತು. ಆದರೆ ಇಲ್ಲಿ ನನ್ನ ಭಯವನ್ನೂ ವಿಮರ್ಶೆ ಮಾಡಬೇಕು. 2007ರಲ್ಲಿ ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಬರೆದ ಪ್ರಬಂಧದ ಪ್ರಕಾರ, ಬಿಸಿಗೂ ಡಿಸ್ಕ್ ಸಾಯೋದಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ. ತೀರಾ ಹೆಚ್ಚು ಬಿಸಿಯಲ್ಲಿ, ಅದೂ ವಯಸ್ಸಾದ ಡಿಸ್ಕ್‌ಗಳಲ್ಲಿ, ಏರಿಕೆ ಎದ್ದು ಕಂಡಿತು. ಹಾಗಾಗಿ ಪಕ್ಕದಲ್ಲಿ ಒಂದು ಸಣ್ಣ ಫ್ಯಾನ್ ಇಟ್ಟೆ, ಬರೆಯುವಾಗ ಕರೆಂಟ್ ಹೋದರೆ ಅಂತ ಯುಪಿಎಸ್ ಹಾಕಿದೆ.

ನಿಜವಾದ ಪ್ರಶ್ನೆ ಬೇರೆ. ಡಿಸ್ಕ್ ಸತ್ತರೆ ಏನಾಗುತ್ತೆ? ಸಾವಿರಾರು ಡಿಸ್ಕ್ ಓಡಿಸುವ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ತನ್ನ ಲೆಕ್ಕವನ್ನು ಬಹಿರಂಗ ಮಾಡುತ್ತೆ. 2023ರಲ್ಲಿ ಅವರಲ್ಲಿ ಕೆಟ್ಟದ್ದು ನೂರಕ್ಕೆ 1.7. ಕಡಿಮೆ ಅನ್ನಿಸುತ್ತೆ, ಅಲ್ವಾ? ಅವರ ಹತ್ತಿರ ಪ್ರತಿ ಫೈಲಿಗೂ ಆಸರೆ ಇದೆ. ನಮ್ಮಲ್ಲಿರೋದು ಒಂದೇ ಡಿಸ್ಕ್ ಆದರೆ, ಆ 1.7ರೊಳಗೆ ನಾವು ಬಿದ್ದ ದಿನ ಹೋಗೋದು ನೂರಕ್ಕೆ ನೂರು. ಡಿಸ್ಕ್ ದೊಡ್ಡದಾದಷ್ಟೂ ಒಂದೇ ಬುಟ್ಟಿಗೆ ಹೆಚ್ಚು ಮೊಟ್ಟೆ ಬೀಳುತ್ತೆ. ಸೆಕೆಂಡಿಗೆ 150 ಎಂಬಿ ಸಿಕ್ಕರೂ 8 ಟೆರಾಬೈಟ್ ಪೂರ್ತಿ ಇನ್ನೊಂದಕ್ಕೆ ಹೋಗಲು ಸುಮಾರು 15 ಗಂಟೆ ಬೇಕು. ಆ 15 ಗಂಟೆ ಕೂತು ನಕಲು ಮಾಡೋರು ನಮ್ಮಲ್ಲಿ ಎಷ್ಟು ಜನ?

ನನ್ನ ತೀರ್ಪು ಇಷ್ಟು. ಉಗ್ರಾಣವಾಗಿ, ಒಂದು ಸಲ ತುಂಬಿ ಮುಚ್ಚಿಡಲು, ಈ ಡಿಸ್ಕ್ ಕೊಟ್ಟ ಹಣಕ್ಕೆ ಮೋಸವಿಲ್ಲ. ದಿನಾ ಅಳಿಸಿ ಬರೆಯುವ ಎಡಿಟಿಂಗಿಗೆ ಬೇಡ. ಅದಕ್ಕೆ ಸಿಎಂಆರ್ ಅಂತ ಖಚಿತ ಮಾಡಿಕೊಂಡು ಕೊಳ್ಳಿ, ಇಲ್ಲಾ ಎಸ್‌ಎಸ್‌ಡಿ ಇಟ್ಟುಕೊಳ್ಳಿ. ನಿಮ್ಮ ಬಳಿ ಇರೋದು ಮೂರು ಟೆರಾಬೈಟ್ ಸಾಮಾನಾದರೆ, 8ರದ್ದು ಒಂದರ ಬದಲು 4ರದ್ದು ಎರಡು ತನ್ನಿ.

ನಾನು ಕೊನೆಗೆ ಎರಡನೆಯದನ್ನು ಕೊಂಡೆ, ಬೇರೆ ಕಂಪನಿಯದ್ದು. ರಜೆಯಲ್ಲಿ ಕೈಚೀಲದಲ್ಲೇ ಊರಿಗೆ ಒಯ್ದು, ಮಳೆಗಾಲದ ಥಂಡಿ ತಾಗದ ಹಾಗೆ ಸಿಲಿಕಾ ಪೊಟ್ಟಣ ಹಾಕಿ ಕಪಾಟಿನಲ್ಲಿಟ್ಟೆ. ವರ್ಷಕ್ಕೊಮ್ಮೆ ಜೋಡಿಸಿ ಓಡಿಸಬೇಕು. ಅಮ್ಮ ಅದರ ಮೇಲೆ ಚೀಟಿ ಅಂಟಿಸಿದ್ದಾರೆ: "ಕುವೈತಿನದ್ದು, ಮುಟ್ಟಬೇಡಿ."