ಮಕ್ಕಳ ಕಾರ್ಟೂನ್ ಚಿತ್ರಗಳಲ್ಲಿ ನೀತಿಯೂ ಧರ್ಮವೂ

ಮಕ್ಕಳಿಗೆ ಸದ್ಬೋಧೆಯನ್ನು ಕಥೆಯ ಮೂಲಕ ಉಣಿಸಬೇಕೆಂಬುದು ನಮ್ಮ ಹಿರಿಯರು ಕಂಡುಕೊಂಡ ಮಾರ್ಗ. ಅಜ್ಜಿಯ ತೊಡೆಯ ಮೇಲೆ ಕುಳಿತು, ಪುರಾಣ ಪ್ರವಚನದಲ್ಲಿ ತಾಯಿಯ ಸೆರಗು ಹಿಡಿದು ಕೇಳಿದ ಕಥೆಗಳೇ ನಮ್ಮಲ್ಲಿ ಬಹುಮಂದಿಗೆ ಮೊದಲ ಧರ್ಮಪಾಠ. ಇಂದು ಆ ಸ್ಥಾನವನ್ನು ಬಹುಮಟ್ಟಿಗೆ ಕಾರ್ಟೂನ್ ಚಿತ್ರಗಳು ಪಡೆದಿವೆ. ‘ಹೊಡೆದಾಟವಿಲ್ಲ, ಅಶ್ಲೀಲವಿಲ್ಲ, ದೇವರ ಕಥೆ, ನೋಡಲಿ ಬಿಡಿ’ ಎಂದು ಮಗುವನ್ನು ಅವುಗಳ ಮುಂದೆ ಕೂರಿಸಿ ನಾವು ನಿಶ್ಚಿಂತರಾಗುತ್ತೇವೆ. ಆದರೆ ಕೆಟ್ಟದ್ದು ಇಲ್ಲವೆಂಬ ಮಾತ್ರಕ್ಕೆ ಒಂದು ಚಿತ್ರ ಒಳ್ಳೆಯದನ್ನು ಕಲಿಸಿತೆಂದು ಹೇಳಬಹುದೆ? ವಾಚಕರೊಡನೆ ಈ ಪ್ರಶ್ನೆಯನ್ನು ವಿಚಾರಿಸಲು ಅಮೆರಿಕೆಯಲ್ಲಿ ನಿರ್ಮಾಣಗೊಂಡ ಎರಡು ಕೃತಿಗಳನ್ನು ಎತ್ತಿಕೊಳ್ಳುತ್ತೇನೆ. ಎರಡೂ ಬೈಬಲ್ಲಿನ ಕಥೆಗಳನ್ನು ಆಧರಿಸಿದವು. ಅನ್ಯಮತದ ಕಥೆಯಿಂದ ನಮಗೇನು ಎಂದು ಯಾರೂ ಭಾವಿಸಬೇಕಾಗಿಲ್ಲ. ಮಕ್ಕಳನ್ನು ಒಳ್ಳೆಯವರನ್ನಾಗಿ ಬೆಳೆಸುವ ಕಷ್ಟ ಎಲ್ಲ ಮತದವರಿಗೂ ಒಂದೇ.

ಮೊದಲನೆಯದು ‘ವೆಜಿಟೇಲ್ಸ್’ ಎಂಬ ಚಿತ್ರಮಾಲೆ. ಫಿಲ್ ವಿಷರ್ ಮತ್ತು ಮೈಕ್ ನವ್ರಾಕಿ ಎಂಬ ಇಬ್ಬರು ತರುಣರು ಇದನ್ನು 1993ರಲ್ಲಿ ಆರಂಭಿಸಿದರು. ಇದರ ಪಾತ್ರಗಳೆಲ್ಲ ಮಾತನಾಡುವ ತರಕಾರಿಗಳು. ಬಾಬ್ ಎಂಬ ಟೊಮೇಟೊ ಮತ್ತು ಲ್ಯಾರಿ ಎಂಬ ಸೌತೆಕಾಯಿ ಸೂತ್ರಧಾರರು. ಕೈಕಾಲು, ಕೂದಲು, ಉಡುಪುಗಳನ್ನು ಚಲಿಸುವಂತೆ ಚಿತ್ರಿಸುವುದು ಅಂದಿನ ಕಂಪ್ಯೂಟರುಗಳಿಗೆ ದುಸ್ತರವಾಗಿದ್ದುದರಿಂದ ಅಂಗಾಂಗಗಳಿಲ್ಲದ ಪಾತ್ರಗಳನ್ನು ಆರಿಸಬೇಕಾಯಿತು. ಮೊದಲು ವಿಷರ್ ಅವರು ಯೋಚಿಸಿದ್ದು ಮಿಠಾಯಿಯನ್ನು. ಮಕ್ಕಳು ಮಿಠಾಯಿಗೆ ಮನಸೋಲುವುದನ್ನು ತಾಯಂದಿರು ಒಪ್ಪರೆಂದು ಅವರ ಪತ್ನಿ ಎಚ್ಚರಿಸಿದ ಮೇಲೆ ತರಕಾರಿಗಳು ಬಂದವು. ಪ್ರತಿಯೊಂದು ಕಥೆ ಮುಗಿದೊಡನೆ ಬೈಬಲ್ಲಿನ ಒಂದು ವಾಕ್ಯವನ್ನು ತೋರಿಸಿ, ಅದರ ನೀತಿಯನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಈ ಮಾಲೆಯ ಪದ್ಧತಿ. ಹಾಸ್ಯ ಶುಚಿಯಾದುದು, ಹಾಡುಗಳು ಇಂಪಾದವು.

ಇದರ ಗುಣದೋಷಗಳೆರಡೂ 2000ದಲ್ಲಿ ಹೊರಬಂದ ‘ಕಿಂಗ್ ಜಾರ್ಜ್ ಅಂಡ್ ದಿ ಡಕ್ಕಿ’ಯಲ್ಲಿ ಕಾಣುತ್ತವೆ. ಮೂಲಕಥೆ ದಾವೀದರಾಜನದು. ಅವನು ತನ್ನ ಯೋಧನಾದ ಊರೀಯನ ಪತ್ನಿಗೆ ಮನಸೋತು, ಊರೀಯನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಸಾಯುವಂತೆ ಮಾಡಿದನು. ಚಿತ್ರದಲ್ಲಿ ಪತ್ನಿಯ ಬದಲು ರಬ್ಬರಿನ ಬಾತುಕೋಳಿ ಬಂದಿದೆ. ತನ್ನ ಬಳಿ ರಾಶಿ ರಾಶಿ ಬಾತುಕೋಳಿಗಳಿದ್ದರೂ ರಾಜನು ಒಬ್ಬ ಬಡ ಹುಡುಗನ ಒಂದೇ ಒಂದು ಆಟಿಕೆಗಾಗಿ ಅವನನ್ನು ಯುದ್ಧಕ್ಕೆ ಅಟ್ಟುತ್ತಾನೆ. ಎಳೆಯ ಮಕ್ಕಳಿಗೆ ಮೂಲವನ್ನು ಇದ್ದಂತೆಯೇ ಹೇಳಲಾಗದು. ಆದ್ದರಿಂದ ಈ ಬದಲಾವಣೆಯನ್ನು ಆಕ್ಷೇಪಿಸಲಾರೆ. ಪ್ರವಾದಿಯು ಬಂದು, ಹಲವು ಕುರಿಗಳಿದ್ದ ಸಿರಿವಂತನೊಬ್ಬ ಬಡವನ ಒಂದೇ ಕುರಿಮರಿಯನ್ನು ಕಸಿದ ದೃಷ್ಟಾಂತವನ್ನು ಹೇಳುವ ಸನ್ನಿವೇಶವನ್ನು ಚಿತ್ರ ಉಳಿಸಿಕೊಂಡಿದೆ. ಅನ್ಯಾಯವನ್ನು ಕೇಳಿ ಕೆರಳಿದ ರಾಜನಿಗೆ ಆ ಅನ್ಯಾಯಗಾರ ತಾನೇ ಎಂಬುದು ಅರಿವಾಗುವ ಕ್ಷಣ ಮಗುವಿನ ಮನಸ್ಸನ್ನು ಮುಟ್ಟದಿರದು. ಆದರೆ ಅಪರಾಧ ಆಟಿಕೆಯ ಪ್ರಮಾಣಕ್ಕೆ ಇಳಿದಾಗ ಪಶ್ಚಾತ್ತಾಪವೂ ಅದೇ ಪ್ರಮಾಣಕ್ಕೆ ಇಳಿಯುತ್ತದೆ. ವಸ್ತುವನ್ನು ಹಿಂದಿರುಗಿಸಿದರೆ ಎಲ್ಲವೂ ಸರಿಹೋಯಿತು! ಹಿಂದಿರುಗಿಸಲಾಗದ ತಪ್ಪುಗಳೂ ಉಂಟೆಂಬುದು ಮಗುವಿಗೆ ತಿಳಿಯುವುದೇ ಇಲ್ಲ.

ಈ ಟೀಕೆ ಕಠಿನವೆಂದು ತೋರಿದರೆ, ಸ್ವತಃ ನಿರ್ಮಾಪಕರೇ ಇದಕ್ಕಿಂತ ಕಠಿನವಾಗಿ ತಮ್ಮನ್ನು ವಿಮರ್ಶಿಸಿಕೊಂಡಿದ್ದಾರೆ. ವಿಷರ್ ಅವರ ಸಂಸ್ಥೆ 2003ರಲ್ಲಿ ದಿವಾಳಿಯಾಗಿ ಪರರ ಕೈ ಸೇರಿತು. ಅನಂತರ 2011ರಲ್ಲಿ ಒಂದು ಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ಅವರು, ತಾವು ಹತ್ತು ವರ್ಷಗಳ ಕಾಲ ಮಕ್ಕಳಿಗೆ ಕ್ರೈಸ್ತರಂತೆ ನಡೆದುಕೊಳ್ಳುವುದನ್ನು ಹೇಳಿಕೊಟ್ಟೆವೇ ವಿನಾ ಕ್ರೈಸ್ತಧರ್ಮವನ್ನು ಕಲಿಸಲಿಲ್ಲವೆಂದು ಒಪ್ಪಿಕೊಂಡರು. ಸುಳ್ಳಾಡಬೇಡ, ಹಂಚಿಕೊಂಡು ತಿನ್ನು, ಕ್ಷಮಿಸು ಎಂಬುವು ಒಳ್ಳೆಯ ಮಾತುಗಳೇ. ಆದರೆ ಅವು ಯಾವ ಬೇರಿನಿಂದ ಬರಬೇಕೋ ಆ ಬೇರನ್ನು ಬಿಟ್ಟು ಎಲೆಗಳನ್ನಷ್ಟೇ ಪೋಣಿಸಿದರೆ ತೋರಣವಾದೀತು, ಗಿಡವಾಗದು.

ಎರಡನೆಯದು 1998ರ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’. ಇಬ್ರಿಯರನ್ನು ಮೋಶೆಯು ಈಜಿಪ್ಟಿನ ದಾಸ್ಯದಿಂದ ಬಿಡಿಸಿದ ಕಥೆ ಇದು. ಇದರಲ್ಲಿ ಮೋಶೆಯೂ ಫರೋಹನ ಮಗ ರಾಮ್ಸೆಸನೂ ಅಣ್ಣತಮ್ಮಂದಿರಂತೆ ಅರಮನೆಯಲ್ಲಿ ಬೆಳೆಯುತ್ತಾರೆ. ಕಲೆಯ ಸಲುವಾಗಿ ಕೆಲವು ಸ್ವಾತಂತ್ರ್ಯಗಳನ್ನು ವಹಿಸಿದ್ದೇವೆಂದು ಚಿತ್ರವೇ ಮೊದಲಲ್ಲಿ ತಿಳಿಸುತ್ತದೆ. ಇಬ್ರಿಯರ ಹಸುಳೆಗಳನ್ನು ನದಿಗೆ ಎಸೆಯಿಸಿದವನು ತನ್ನನ್ನು ಸಾಕಿದ ತಂದೆಯೇ ಎಂಬುದನ್ನು ಮೋಶೆ ಅರಮನೆಯ ಭಿತ್ತಿಚಿತ್ರಗಳಿಂದ ಅರಿಯುತ್ತಾನೆ. ತಂದೆ ಅವನನ್ನು ಅಪ್ಪಿಕೊಂಡು, ಸತ್ತವರು ಬರಿಯ ಗುಲಾಮರೆಂದು ಸಂತೈಸುತ್ತಾನೆ. ಮೋಶೆ ಆ ಅಪ್ಪುಗೆಯಿಂದ ಹಿಂದೆ ಸರಿಯುತ್ತಾನೆ. ಇಲ್ಲಿ ನೀತಿವಾಕ್ಯವಿಲ್ಲ. ಆದರೂ ವಾತ್ಸಲ್ಯವುಳ್ಳವನಲ್ಲಿಯೂ ಕ್ರೌರ್ಯವಿರಬಹುದೆಂಬ ಸತ್ಯ ಮಗುವಿನ ಎದೆಗೆ ಇಳಿಯುತ್ತದೆ.

ಮುಂದೆ ಈಜಿಪ್ಟಿನ ಚೊಚ್ಚಲ ಮಕ್ಕಳು ಮಡಿಯುವ ಪ್ರಸಂಗ. ರಾಮ್ಸೆಸನ ಮಗನೂ ಸಾಯುತ್ತಾನೆ; ಇಬ್ರಿಯರು ಹೊರಡಬಹುದೆಂದು ಅವನು ನುಡಿಯುತ್ತಾನೆ. ಜಯ ಸಿಕ್ಕಿತು. ಆದರೆ ಮೋಶೆ ಹೊರಗೆ ಬಂದು ಕುಸಿದು ಅಳುತ್ತಾನೆ. ಶತ್ರುವಿನ ಮನೆಯ ದುಃಖಕ್ಕೆ ಅಳುವ ನಾಯಕನನ್ನು ಮಕ್ಕಳಿಗೆ ತೋರಿಸಿದ ಚಿತ್ರಗಳು ಎಷ್ಟಿವೆ? ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಉರಿಯುವ ಪೊದೆಯಿಂದ ದೇವರು ಮಾತನಾಡುವಾಗ ಗುಡುಗಿನ ದನಿಯನ್ನೇ ನೆಚ್ಚದೆ, ಮೋಶೆಗೆ ಕಂಠವಿತ್ತ ನಟ ವಾಲ್ ಕಿಲ್ಮರ್ ಅವರ ದನಿಯನ್ನೇ ಮೆಲ್ಲಗೆ ಬಳಸಿದ್ದಾರೆ. ರೂಪವಿಲ್ಲದ ದೇವರು ಅಂತರಂಗದಲ್ಲಿ ತನ್ನದೇ ದನಿಯಲ್ಲಿ ನುಡಿಯುತ್ತಾನೆಂಬ ಭಾವ ನಮಗೇನೂ ಹೊಸದಲ್ಲ.

ದೋಷವಿಲ್ಲವೆಂದಲ್ಲ. ತಪ್ಪು ಮಾಡದ ಮಕ್ಕಳು ಏಕೆ ಸಾಯಬೇಕಾಯಿತೆಂದು ಮಗು ಕೇಳಿದರೆ ಚಿತ್ರದಲ್ಲಿ ಉತ್ತರವಿಲ್ಲ. ತೀರ ಎಳೆಯರಿಗೆ ಇದು ಭಾರವೂ ಹೌದು. ಅವರಿಗೆ ತರಕಾರಿಗಳ ನಗೆಯೇ ಲೇಸು. ಆದರೆ ಕೇಳುವಂತೆ ಮಾಡಿತಲ್ಲ, ಅದೇ ಈ ಚಿತ್ರದ ಹಿರಿಮೆ. ಉತ್ತರವನ್ನು ಕಟ್ಟಿಕೊಟ್ಟು ಕಳುಹಿಸುವ ಚಿತ್ರಕ್ಕಿಂತ ಪ್ರಶ್ನೆಯೊಡನೆ ಮಗುವನ್ನು ನಮ್ಮ ಬಳಿಗೆ ಕಳುಹಿಸುವ ಚಿತ್ರ ಮೇಲು.

ನಮ್ಮ ಮಕ್ಕಳು ನೋಡುವ ಹನುಮಂತ, ಕೃಷ್ಣರ ಕಾರ್ಟೂನುಗಳನ್ನೂ ವಾಚಕರು ಇದೇ ಒರೆಗಲ್ಲಿಗೆ ಹಚ್ಚಿ ನೋಡಲಿ. ಅಲ್ಲಿ ಮಗು ಕಾಣುವುದು ಭಕ್ತಿಯನ್ನೋ, ಬರಿಯ ಬಾಹುಬಲವನ್ನೋ? ಸೋತವನ ನೋವು ಅಲ್ಲಿ ಲೆಕ್ಕಕ್ಕುಂಟೋ? ಒಳ್ಳೆಯತನಕ್ಕಾಗಿ ನಾಯಕನು ಏನನ್ನಾದರೂ ಕಳೆದುಕೊಳ್ಳುತ್ತಾನೋ? ಚಿತ್ರಗಳನ್ನು ದೂರಿ ಕೈತೊಳೆದುಕೊಳ್ಳುವ ಮುನ್ನ ನಮ್ಮನ್ನೂ ನೋಡಿಕೊಳ್ಳೋಣ. ಮಗು ಒಂದು ವಚನವನ್ನು ತಪ್ಪಿಲ್ಲದೆ ಒಪ್ಪಿಸಿದರೆ ಚಪ್ಪಾಳೆ ತಟ್ಟಿ ಸುಮ್ಮನಾಗುವ ನಾವು, ಅದರ ಅರ್ಥವನ್ನು ಕೇಳಿದಾಗ ಕುಳಿತು ಉತ್ತರಿಸಿದ್ದುಂಟೆ? ನುಡಿಯನ್ನು ಕಲಿಸಿ ನಡೆಯನ್ನು ಮರೆತ ತಪ್ಪು ವಿಷರ್ ಅವರೊಬ್ಬರದೇ ಅಲ್ಲ. ಚಿತ್ರ ಮುಗಿದ ಮೇಲಿನ ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತು ಅದರ ಪ್ರಶ್ನೆಗಳಿಗೆ ಕಿವಿಗೊಡಿರಿ. ನಿಜವಾದ ಪಾಠ ಆರಂಭವಾಗುವುದು ಅಲ್ಲಿಂದಲೇ.