11.0592ರ ರುಚಿ

ನಾಗಪುರದ ಯಶವಂತ ಕಾನೇಟ್ಕರ್ ಅವರ ಸಿ ಭಾಷೆಯ ಪಠ್ಯ ‘ಲೆಟ್ ಅಸ್ ಸಿ’, ಅದರ ಪಕ್ಕದಲ್ಲಿ ಯಾವುದಾದರೂ ಒಂದು 8051 ಮೈಕ್ರೊಕಂಟ್ರೋಲರ್ ಪಠ್ಯ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಪುಸ್ತಕದ ಅಂಗಡಿಗಳಲ್ಲಿ ಈ ಜೋಡಿ ಕಣ್ಣಿಗೆ ಬಿದ್ದರೆ ನಾನು ನಿಂತುಬಿಡುತ್ತೇನೆ. ಇಂಥ ಪುಸ್ತಕಗಳಲ್ಲಿ ಕೊರತೆಗಳಿವೆ, ನಿಜ. ಆದರೆ ಲಿನಕ್ಸ್ ಮತ್ತು ಎಂಬೆಡೆಡ್ ಕಲಿಯಹೊರಟವರಿಗೆ ಅವು ಕೊಡುವ ಸುಖ ಬಹುಪಾಲು ಆ ಕೊರತೆಗಳಿಂದಲೇ ಹುಟ್ಟುತ್ತದೆ.

ಕಾನೇಟ್ಕರ್ ಪುಸ್ತಕದ ಹಳೆಯ ಆವೃತ್ತಿಗಳನ್ನು ಬರೆದದ್ದು ಟರ್ಬೊ ಸಿ ಕಂಪೈಲರಿನ ಕಾಲಕ್ಕೆ. ಅಲ್ಲಿ ‘ಇಂಟ್’ ಎಂದರೆ ಎರಡು ಬೈಟು. 32767ಕ್ಕೆ ಒಂದು ಕೂಡಿಸಿದರೆ ಉತ್ತರ -32768. ಅದೇ ಪ್ರೋಗ್ರಾಮನ್ನು ಲಿನಕ್ಸಿನ ಜಿಸಿಸಿ ಕಂಪೈಲರಿಗೆ ಕೊಟ್ಟು ನೋಡಿ. ‘ಕೋನಿಯೊ’ ಹೆಡರ್ ಫೈಲೇ ಇಲ್ಲವೆಂದು ಮೊದಲಿಗೇ ತಕರಾರು. ಆ ಸಾಲನ್ನೂ ಪರದೆ ಒರೆಸುವ ಸಾಲನ್ನೂ ತೆಗೆದು ಓಡಿಸಿದರೆ ಉತ್ತರ 32768, ಏಕೆಂದರೆ ಇಲ್ಲಿ ಇಂಟ್‌ಗೆ ನಾಲ್ಕು ಬೈಟು. ಭಾಷೆ ಎಲ್ಲಿಗೆ ಮುಗಿಯಿತು, ಯಂತ್ರ ಎಲ್ಲಿಂದ ಶುರುವಾಯಿತು ಎಂಬುದು ಆ ಕ್ಷಣಕ್ಕೆ ತಿಳಿಯುತ್ತದೆ. ಎಲ್ಲವೂ ಸರಿಯಿರುವ ಪುಸ್ತಕದಲ್ಲಿ ಈ ಗಡಿ ಕಾಣುವುದೇ ಇಲ್ಲ.

ಇನ್ನು 8051. ಸರ್ಕ್ಯೂಟ್ ಚಿತ್ರದ ಮೂಲೆಯಲ್ಲೊಂದು ಕ್ರಿಸ್ಟಲ್, ಅದರ ಪಕ್ಕ 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರ ಸಂಖ್ಯೆ. ಎಷ್ಟೋ ಪುಸ್ತಕಗಳು ಕಾರಣ ಹೇಳದೆ ಮುಂದಕ್ಕೆ ಹೋಗುತ್ತವೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ 12 ಮೆಗಾಹರ್ಟ್ಸ್‌ನದೂ ಸಿಗುತ್ತದಲ್ಲ, ಅದೇಕೆ ಬೇಡ? ಪೆನ್ಸಿಲ್ ಹಿಡಿದು ಕೂತರೆ ಉತ್ತರ ಸಿಗುತ್ತದೆ. ಹಳೆಯ 8051 ಒಂದು ಹೆಜ್ಜೆ ಇಡಲು ಹನ್ನೆರಡು ಬಡಿತ ತೆಗೆದುಕೊಳ್ಳುತ್ತದೆ; ಹನ್ನೆರಡರಿಂದ ಭಾಗಿಸಿದರೆ 921600. ಸೀರಿಯಲ್ ಪೋರ್ಟು ಅದನ್ನು ಮತ್ತೆ 32ರಿಂದ ಭಾಗಿಸುತ್ತದೆ: 28800. ಟೈಮರನ್ನು ಮೂರು ಎಣಿಕೆಗೆ ಹೊಂದಿಸಿದರೆ ಶೇಷವೇ ಇಲ್ಲದೆ 9600! ಅತ್ತ ಲಿನಕ್ಸ್ ಯಂತ್ರದಲ್ಲಿ ಸೀರಿಯಲ್ ಪೋರ್ಟಿನ ಮಾತು ಕೇಳುವ ಮಿನಿಕಾಮ್ ಪ್ರೋಗ್ರಾಮನ್ನೂ ಅದೇ 9600 ಬಾಡ್‌ಗೆ ಹೊಂದಿಸಿದರಾಯಿತು. 12 ಮೆಗಾಹರ್ಟ್ಸ್ ಹಾಕಿದರೆ ಇದೇ ಲೆಕ್ಕ 10417ರ ಹತ್ತಿರ ಹೋಗಿ, ಪರದೆಯ ಮೇಲೆ ಅಕ್ಷರಗಳ ಬದಲು ಕಸ ಬೀಳುತ್ತದೆ. ಒಳ್ಳೆಯ ಚೌಕಾಬಾರ ಆಟಗಾರ ಕವಡೆಯ ಗರ ನೋಡಿ ಕಾಯಿಯನ್ನು ನೇರ ಹಣ್ಣಿನ ಮನೆಗೆ ಸೇರಿಸಿದಂತೆ ಇದೆ ಆ ಭಾಗಾಕಾರ. ಇದನ್ನು ಮಾಡಿ ಮುಗಿಸಿದವರಿಗೆ ಆ ಸಂಖ್ಯೆ ಮತ್ತೆಂದೂ ಮರೆಯುವುದಿಲ್ಲ.

ಈ ಲೆಕ್ಕ ಹಳೆಯ ಚಿಪ್ಪಿಗಷ್ಟೇ ಸೀಮಿತವಲ್ಲ. ನಾಶಿಕ್ ಜಿಲ್ಲೆಯ ದಿಂಡೋರಿಯಲ್ಲಿ ದ್ರಾಕ್ಷಿ ಬೆಳೆಗಾರರಿಗೆ ಎಲೆಯ ಮೇಲಿನ ತೇವವೇ ದೊಡ್ಡ ಚಿಂತೆ. ತೇವ ನಿಂತರೆ ಬೂಜುರೋಗ. ಆ ತೇವ ಅಳೆದು ಸುದ್ದಿ ಕಳಿಸುವ ಪೆಟ್ಟಿಗೆಯೊಂದನ್ನು ಇವತ್ತು ಕಟ್ಟಹೊರಟರೂ, ಒಳಗಿನ ಮೈಕ್ರೊಕಂಟ್ರೋಲರೂ ಮೋಡೆಮೂ ಬಹುಮಟ್ಟಿಗೆ ಮಾತಾಡುವುದು ಇಂಥದೇ ಸೀರಿಯಲ್ ತಂತಿಯ ಮೇಲೆ. ಎರಡೂ ಕಡೆಯ ವೇಗ ಒಂದೇ ಆಗಿರಬೇಕೆಂಬ ನಿಯಮ ಅಲ್ಲೂ ತಪ್ಪಿದ್ದಲ್ಲ.

ಎಲ್‌ಇಡಿ ಮಿನುಗಿಸುವ ಪಾಠದಲ್ಲಿ ಇನ್ನೊಂದು ಸೊಗಸಿದೆ. ಹೊತ್ತು ಕಳೆಯಲೆಂದು ಪುಸ್ತಕ ಖಾಲಿ ‘ಫಾರ್’ ಲೂಪ್ ಕೊಡುತ್ತದೆ. ಜಿಸಿಸಿ ಬಳಸುವ ಬೇರೊಂದು ಚಿಪ್ಪಿಗೆ ಅದನ್ನೇ ಬರೆದು ಆಪ್ಟಿಮೈಸೇಶನ್ ಏರಿಸಿದರೆ, ಏನೂ ಮಾಡದ ಈ ಲೂಪ್ ಯಾಕೆ ಎಂದು ಕಂಪೈಲರ್ ಅದನ್ನು ಅಳಿಸಿಹಾಕುತ್ತದೆ. ದೀಪ ಮಿನುಗುವುದು ಕಣ್ಣಿಗೆ ಕಾಣುವುದೇ ಇಲ್ಲ. ಹಾಗೆ ಅಳಿಸಬೇಡವೆಂದು ಕಂಪೈಲರಿಗೆ ಹೇಳುವ ‘ವೊಲಟೈಲ್’ ಎಂಬ ಪದ ಏತಕ್ಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಓದಿಲ್ಲ.

ದೊಡ್ಡ ಪುಸ್ತಕಗಳೂ ಮುಪ್ಪಾಗುತ್ತವೆ. ಕಾರ್ಬೆಟ್, ರುಬಿನಿ, ಕ್ರೋವಾ-ಹಾರ್ಟ್‌ಮನ್ ಮೂವರ ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಮೂರನೇ ಆವೃತ್ತಿ 2005ರದು, 2.6.10 ಕರ್ನಲ್‌ಗೆ ಬರೆದದ್ದು. ಅಲ್ಲಿ ‘ಸ್ಕಲ್’ ಎಂಬ ಮುದ್ದಾದ ಡ್ರೈವರ್ ಇದೆ; ಯಾವ ಹಾರ್ಡ್‌ವೇರೂ ಬೇಡ, ಮೆಮೊರಿಯ ಒಂದು ತುಂಡನ್ನೇ ಸಾಧನವೆಂದು ತೋರಿಸುತ್ತದೆ. ಇಂದಿನ ಕರ್ನಲ್ ಮೇಲೆ ಅದರ ಮೂಲ ಕೋಡ್ ಕಂಪೈಲ್ ಆಗದು. ಅದು ತುಂಬುವ ‘ಐಆಕ್ಟಲ್’ ಖಾನೆಯನ್ನು ಕರ್ನಲಿನವರು ತೆಗೆದು, ಅದರ ಬದಲಿಗೆ ‘ಅನ್‌ಲಾಕ್ಡ್ ಐಆಕ್ಟಲ್’ ಉಳಿಸಿಕೊಂಡರು. ಯಾಕೆ ತೆಗೆದರು ಎಂದು ಹುಡುಕುತ್ತ ಹೋದರೆ, ಅನೇಕ ಪ್ರೊಸೆಸರುಗಳ ಯಂತ್ರಗಳು ಬಂದಾಗ ಇಡೀ ಕರ್ನಲಿಗೆ ಒಂದೇ ದೊಡ್ಡ ಬೀಗ ಹಾಕಿದ ಕಾಲ, ಆಮೇಲೆ ಆ ಬೀಗವನ್ನು ಹಂತಹಂತವಾಗಿ ಕಳಚಿದ ವರ್ಷಗಳು, ಎಲ್ಲ ತೆರೆದುಕೊಳ್ಳುತ್ತವೆ. ಕೆಟ್ಟ ಒಂದು ಸಾಲಿನ ಹಿಂದೆ ಇಷ್ಟು ಚರಿತ್ರೆ!

ಈ ಪುಸ್ತಕವನ್ನು ಲೇಖಕರೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಬಿಟ್ಟಿದ್ದಾರೆ. ಇಳಿಸಿಕೊಂಡು ಮೂರನೇ ಅಧ್ಯಾಯದಿಂದ ಸ್ಕಲ್ ಜೊತೆ ಆರಂಭಿಸಿ. ತಿದ್ದಿದ ಕೋಡನ್ನು ಯಾರಿಂದಲೋ ತರಬೇಡಿ, ನೀವೇ ತಿದ್ದಿ.